ಬೀಗ ಹಾಕಿದ ಕಪಾಟು

ಸುರಪುರದ ಬಸ್ ನಿಲ್ದಾಣದಿಂದ ಮೇಲಕ್ಕೆ ಏರುವ ರಸ್ತೆಯಲ್ಲಿ ಒಂದು ಔಷಧ ಅಂಗಡಿ ಇತ್ತು. ನನ್ನ ದುಡಿಮೆಯ ವರ್ಷಗಳೆಲ್ಲ ಅದರ ಕೌಂಟರಿನ ಹಿಂದೆ ನಿಂತೇ ಕಳೆದವು. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಗೋಡೆಗೆ ತೂಗುಹಾಕಿದ್ದ ಲೈಸೆನ್ಸಿನಲ್ಲಿದ್ದ ಹೆಸರು ಯಾದಗಿರಿಯಲ್ಲಿರುತ್ತಿದ್ದ ಒಬ್ಬ ಫಾರ್ಮಸಿಸ್ಟರದು. ಅವರು ಯುಗಾದಿಗೋ ದೀಪಾವಳಿಗೋ ಒಮ್ಮೆ ಬಂದು, ಚಹಾ ಕುಡಿದು, ಸಹಿ ಮಾಡಿ ಹೋಗುತ್ತಿದ್ದರು. ಅಂಗಡಿ ಚನ್ನಬಸಪ್ಪ ಸಾಹುಕಾರರದು. ಗುಳಿಗೆ ಕೊಡುವ ಕೈ ನನ್ನದು. ಈಗ ಔಷಧ ವಿಜ್ಞಾನ ಓದಿ, ಸ್ವಂತ ಹೆಸರಿನ ಲೈಸೆನ್ಸು ಹಿಡಿದು ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ಸಿಕ್ಕಾಗ, ‘ಆಗೆಲ್ಲಾ ಹೆಂಗಿತ್ರಿ ಕಾಕಾ?’ ಎಂದು ಕೇಳುತ್ತಾರೆ. ಎದುರಿಗೆ ಕೂತು ಹೇಳಲು ನಾಲಿಗೆ ಏಳದ ಒಂದು ಸಂಗತಿ ಇದೆ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಕಾಲುವೆಯ ನೀರು ಈ ಕಡೆಯ ಹೊಲಗಳಿಗೆ ಆಗತಾನೆ ಹರಿಯತೊಡಗಿತ್ತು. ಜೋಳ, ತೊಗರಿ ಬೆಳೆಯುತ್ತಿದ್ದ ನೆಲದಲ್ಲಿ ಭತ್ತ ನಿಂತಿತು. ಬೆಳೆ ಬದಲಾದಂತೆ ನಮ್ಮ ಕಪಾಟೂ ಬದಲಾಯಿತು. ಚಳಿಜ್ವರದ ಗುಳಿಗೆಗೆ ಒಂದು ಸಾಲು ಸಾಕಾಗುತ್ತಿದ್ದದ್ದು ಎರಡಾಯಿತು. ಕೆಸರಿನಲ್ಲಿ ದಿನವಿಡೀ ನಿಂತು ಕಾಲ್ಬೆರಳ ಸಂದು ಕೊಳೆತವರಿಗೆ ಮುಲಾಮು ಬೇಕಾಯಿತು. ಬಗ್ಗಿ ಬಗ್ಗಿ ನಾಟಿ ಮಾಡಿದ ಹೆಂಗಸರು ಸಂಜೆ ಸೊಂಟ ಹಿಡಿದುಕೊಂಡು ಬರುತ್ತಿದ್ದರು. ಕಾಲುವೆಯ ಬೆನ್ನಿಗೇ ಆಂಧ್ರದ ರೈತರು ಬಂದು ಕ್ಯಾಂಪು ಹೂಡಿದರು. ಅವರು ತಮ್ಮ ಊರಲ್ಲಿ ಕೊಳ್ಳುತ್ತಿದ್ದ ಗುಳಿಗೆಯ ಹೆಸರನ್ನೇ ಹೇಳಿ ಕೇಳುವರು. ಆ ಹೆಸರು ನಮ್ಮಲ್ಲಿ ಇರದಿದ್ದರೆ ನಾನು ‘ಲೇದು’ ಎಂದು ಹೇಳಿ ಕಳಿಸಿಬಿಡುತ್ತಿದ್ದೆ. ಒಮ್ಮೆ ಸಾಹುಕಾರರು ಅದನ್ನು ನೋಡಿದರು.

‘ಲೇ ಹಣಮಂತ, ಬಂದ ಗಿರಾಕಿನ್ನ ಯಾಕ ಹೊಳ್ಳಿ ಕಳಸ್ತಿ? ಗುಳಿಗಿ ಪಟ್ಟಿ ಮ್ಯಾಲ ದೊಡ್ಡ ಅಕ್ಷರ ಅದ ಅಲ್ಲ, ಅದು ಕಂಪನಿ ಇಟ್ಟ ಹೆಸರು. ಕೆಳಗ ಸಣ್ಣ ಅಕ್ಷರದಾಗ ಬರದಿರ್ತಾರ ನೋಡು, ಅದು ಔಷಧ. ಕಂಪನಿ ನೂರು ಇರ್ತಾವ, ಔಷಧ ಒಂದೇ. ಸಣ್ಣದು ಓದೋದು ಕಲಿ.’

ನಾನು ಓದಿದ ಔಷಧ ವಿಜ್ಞಾನ ಅಷ್ಟೆ. ಆದರೆ ಆ ಪಾಠ ನನ್ನ ತಲೆಗೆ ಹೊಕ್ಕಿತು. ಯಾವ ಪಟ್ಟಿ ಕೈಗೆ ಬಂದರೂ ಬೆಳಕಿಗೆ ಹಿಡಿದು ಸಣ್ಣ ಅಕ್ಷರ ಓದುವ ಚಟವೇ ಹತ್ತಿತು.

ಕತ್ತರಿಯ ಕೆಲಸವನ್ನೂ ಅವರೇ ಕಲಿಸಿದರು. ಆಗ ಇಡೀ ಪಟ್ಟಿ ಕೊಳ್ಳುವವರು ಕಡಿಮೆ. ‘ಎರಡು ಗುಳಿಗಿ ಕೊಡ್ರಿ, ಆರಾಮಾಗ್ಲಿಲ್ಲಂದ್ರ ಮತ್ತ ಬರ್ತೀನಿ’ ಎನ್ನುವವರೇ ಹೆಚ್ಚು. ಹೆಸರು, ತಾರೀಖು ಇರುವ ತುದಿಯನ್ನು ಅಂಗಡಿಯಲ್ಲಿ ಕೊನೆಯವರೆಗೆ ಉಳಿಸಿಕೊಂಡು, ಇನ್ನೊಂದು ತುದಿಯಿಂದ ಕತ್ತರಿಸಿಕೊಡಬೇಕು. ಅಂಗಡಿಗೆ ಅದು ಸರಿಯಾದ ಪದ್ಧತಿ. ಕೊಂಡವನ ಅಂಗೈಯಲ್ಲಿ ಮಾತ್ರ ಹೆಸರಿಲ್ಲದ ಹೊಳೆಯುವ ತುಂಡು ಉಳಿಯುತ್ತಿತ್ತು. ತಾನು ಏನು ನುಂಗುತ್ತಿದ್ದೇನೆ ಎಂದು ಅವನು ಕೇಳುತ್ತಿರಲಿಲ್ಲ. ಹೇಳಬೇಕೆಂದು ನಮಗೂ ಅನಿಸುತ್ತಿರಲಿಲ್ಲ.

ಹೊರದೇಶದ ಡಬ್ಬಿಯನ್ನು ನಾನು ಮೊದಲು ನೋಡಿದ್ದು ಸುಮಿತ್ರಾಳ ಕೈಯಲ್ಲಿ. ಅವಳು ಶಹಾಪುರದ ಒಬ್ಬ ಪ್ರಾಥಮಿಕ ಶಾಲೆಯ ಮೇಷ್ಟ್ರ ಮಗಳು. ನರ್ಸಿಂಗ್ ಓದಿ ಕೊಲ್ಲಿಯ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ರಜೆಗೆ ಬಂದಾಗ ಸುರಪುರದಲ್ಲಿದ್ದ ಸೋದರತ್ತೆಗೆ ಬಿ.ಪಿ. ಗುಳಿಗೆಯ ಡಬ್ಬಿಯೊಂದನ್ನು ತಂದಿದ್ದಳು. ‘ಇದು ಮುಗದ ಮ್ಯಾಲೆ ಅತ್ತಿಗೆ ಇಂಥಾದ್ದೇ ಕೊಡ್ರಿ’ ಎಂದು ಕೌಂಟರಿನ ಮೇಲೆ ಇಟ್ಟಳು. ದಪ್ಪ ಕಾಗದದ, ನುಣುಪಾದ ಡಬ್ಬಿ. ಒಂದು ಬದಿಗೆ ಅರಬ್ಬಿ, ಇನ್ನೊಂದು ಬದಿಗೆ ಇಂಗ್ಲಿಷ್. ನಾನು ಸಣ್ಣ ಅಕ್ಷರ ಓದಿದೆ. ನಮ್ಮ ಕಪಾಟಿನ ಎರಡನೇ ಸಾಲಿನಲ್ಲಿದ್ದ ಔಷಧವೇ ಅದು.

‘ಇದಕ್ಕ ಅಲ್ಲಿ ಎಷ್ಟವ್ವ?’

ಅವಳು ಅಲ್ಲಿಯ ಹಣದಲ್ಲಿ ಹೇಳಿ, ಆಮೇಲೆ ರೂಪಾಯಿಗೆ ಇಳಿಸಿದಳು. ನಾನು ಬೆರಗಾದೆ. ಆ ಡಬ್ಬಿಯ ಬೆಲೆಗೆ ನಾಟಿ ಮಾಡುವ ಹೆಂಗಸು ಹಲವು ದಿನ ಕೆಸರಿನಲ್ಲಿ ನಿಲ್ಲಬೇಕಿತ್ತು. ನಮ್ಮ ಪಟ್ಟಿಯ ಬೆಲೆಗೆ ಎರಡು ಪ್ಲೇಟು ಮಿರ್ಚಿ ಭಜಿ ಬರುತ್ತಿದ್ದವು, ಅಷ್ಟೆ. ಅಂದು ಸಂಜೆಯವರೆಗೆ ಅಂಗಡಿಗೆ ಬಂದವರಿಗೆಲ್ಲ ಈ ಸುದ್ದಿ ಹೇಳಿದೆ. ಎದುರಿನ ಹೋಟೆಲಿನವರೂ ಬಂದು ಡಬ್ಬಿ ಮುಟ್ಟಿ ನೋಡಿದರು. ಮರುದಿನ ಡಬ್ಬಿ ಒಯ್ಯಲು ಸುಮಿತ್ರಾ ಮತ್ತೆ ಬಂದವಳು ನನ್ನ ಭಾಷಣ ಕೇಳಿ ನಗತೊಡಗಿದಳು.

‘ಕಾಕಾ, ನಿಮ್ಮ ಪಟ್ಟಿದಾಗ ಹತ್ತು ಅವ. ಡಬ್ಬಿದಾಗ ಎಷ್ಟವ ಅಂತ ತೆಗದು ನೋಡೀರೇನು?’

ತೆಗೆದೆ. ಮೂರು ಪಟ್ಟಿಗಳಿದ್ದವು.

‘ನಿಮ್ಮದು ಐದು ಮಿಲಿಗ್ರಾಂ, ಇದು ಹತ್ತು. ಈಗ ಲೆಕ್ಕಾ ಹಾಕ್ರಿ.’

ಸಾಹುಕಾರರು ಗಲ್ಲಾಪೆಟ್ಟಿಗೆಯ ಹಿಂದೆ ಕೂತಲ್ಲೇ, ‘ಇವ ಬಾಳಿಹಣ್ಣಿನ ಗೊನಿಗೂ ಬಾಳಿಹಣ್ಣಿಗೂ ಬೆಲಿ ಹೊಂದಸಾಕತ್ತಿದ್ದ’ ಎಂದು ನಕ್ಕರು. ಲೆಕ್ಕ ತಿದ್ದಿದ ಮೇಲೂ ಅಲ್ಲಿಯದು ನಮ್ಮದಕ್ಕಿಂತ ಸಾಕಷ್ಟು ತುಟ್ಟಿಯೇ ಆಗಿತ್ತು. ಆದರೆ ಹೋಲಿಸುವವನು ಗುಳಿಗೆಗೆ ಗುಳಿಗೆ, ಮಿಲಿಗ್ರಾಮಿಗೆ ಮಿಲಿಗ್ರಾಂ ನೋಡಬೇಕೆಂದು ಅಂದು ತಿಳಿಯಿತು. ಇಂದಿಗೂ ಫೋನಿನಲ್ಲಿ ಬೆಲೆ ನೋಡಿ, ‘ಅಲ್ಲಿ ಇಷ್ಟಂತೆ, ಇಲ್ಲಿ ಇಷ್ಟಂತೆ’ ಎಂದು ಜಗಳಕ್ಕೆ ಬರುವವರು ಇದೇ ತಪ್ಪನ್ನು ಮಾಡುತ್ತಾರೆ.

ಆಮೇಲೆ ನನಗೆ ಹುಚ್ಚೇ ಹಿಡಿಯಿತು. ಯಾರು ಹೊರದೇಶದಿಂದ ಬಂದರೂ ಖಾಲಿ ಡಬ್ಬಿ ಕೇಳುತ್ತಿದ್ದೆ. ಹಜ್ ಯಾತ್ರೆ ಮುಗಿಸಿ ಬಂದವರು ಮೊಣಕಾಲು ನೋವಿನ ಮುಲಾಮಿನ ಡಬ್ಬಿ ತಂದುಕೊಟ್ಟರು. ಮಗಳ ಬಾಣಂತನಕ್ಕೆ ಲಂಡನ್ನಿಗೆ ಹೋಗಿ ಬಂದ ನಿವೃತ್ತ ಹೆಡ್‌ಮಾಸ್ತರರೊಬ್ಬರು ವಿಚಿತ್ರ ಸುದ್ದಿ ತಂದರು. ಅಲ್ಲಿ ಡಾಕ್ಟರು ಬರೆದ ಒಂದೊಂದು ಔಷಧಕ್ಕೆ ಇಷ್ಟು ಎಂದು ಒಂದೇ ದರವಂತೆ. ಔಷಧ ಅಗ್ಗದ್ದಿರಲಿ, ತುಟ್ಟಿಯದಿರಲಿ, ಕೊಡುವುದು ಅಷ್ಟೇ. ವಯಸ್ಸಾದವರು ಅದನ್ನೂ ಕೊಡಬೇಕಿಲ್ಲವಂತೆ. ಅಮೆರಿಕದಿಂದ ಬಂದವರೊಬ್ಬರ ಪ್ರಕಾರ ಅಲ್ಲಿ ಇದಕ್ಕೆ ತಿರುಗುಮುರುಗು. ಅಂಗಡಿಯಲ್ಲಿ ಬೆಲೆ ಕೇಳಿದರೆ, ‘ನಿಮ್ಮ ವಿಮೆ ಯಾವುದು?’ ಎಂದು ಮರುಪ್ರಶ್ನೆ ಹಾಕುತ್ತಾರಂತೆ. ಒಂದೇ ಗುಳಿಗೆಗೆ ಅಕ್ಕಪಕ್ಕದ ಮನೆಯವರು ಬೇರೆ ಬೇರೆ ಹಣ ಕೊಡುತ್ತಾರಂತೆ. ನಮ್ಮ ಪಟ್ಟಿಯ ಮೇಲೆ ಬೆಲೆಯನ್ನೇ ಅಚ್ಚು ಹಾಕಿರುತ್ತಾರೆ. ಆ ಡಬ್ಬಿಗಳಲ್ಲಿ ಹಲವಕ್ಕೆ ಬೆಲೆಯ ಅಚ್ಚೇ ಇರಲಿಲ್ಲ. ನಾನು ಎಲ್ಲವನ್ನೂ ಫ್ಯಾನಿನ ಸ್ವಿಚ್ಚಿನ ಮೇಲಿನ ಹಲಗೆಯಲ್ಲಿ ಸಾಲಾಗಿ ಜೋಡಿಸಿದೆ. ಬಂದವರಿಗೆ ತೋರಿಸಿ, ‘ಇದಕ್ಕ ಎಷ್ಟಿರಬಹುದು ಹೇಳ್ರಿ?’ ಎನ್ನುವುದು ನನ್ನ ಆಟ. ಸಾಹುಕಾರರು, ‘ಖಾಲಿ ಡಬ್ಬಿ ತೋರ್ಸಿ ತೋರ್ಸಿ ನನ್ನ ಅಂಗಡಿ ಖಾಲಿ ಮಾಡ್ತಿ’ ಎಂದು ಬೈದರೂ ಹಲಗೆಗೆ ಕೈ ಹಚ್ಚಲಿಲ್ಲ.

ಯಾಕೆ ಹೀಗೆ ಎಂದು, ಆರ್ಡರಿಗೆ ಬರುತ್ತಿದ್ದ ಔಷಧ ಕಂಪನಿಗಳ ಪ್ರತಿನಿಧಿಗಳನ್ನು ಕೇಳುತ್ತಿದ್ದೆ. ಹೊಸ ಔಷಧ ಕಂಡುಹಿಡಿದವರಿಗೆ ಕೆಲವು ವರ್ಷ ಹಕ್ಕಿರುತ್ತದೆ, ಆಗ ಬೆಲೆ ಅವರದೇ ಎಂದು ಒಬ್ಬ ಹೇಳಿದ. ನಮ್ಮಲ್ಲಿ ಕೆಲವು ಔಷಧಗಳಿಗೆ ಸರಕಾರ ಮೇಲ್ಮಿತಿ ಹಾಕಿದೆ ಎಂದು ಇನ್ನೊಬ್ಬ. ಮೂರನೆಯವನು, ‘ಮಂದಿ ಎಷ್ಟು ಕೊಡಬಲ್ಲರೋ ಅದೇ ಬೆಲಿರಿ’ ಎಂದು ಚೀಲ ಎತ್ತಿಕೊಂಡು ಹೋದ. ಮೂವರೂ ಸರಿ ಇದ್ದಿರಬೇಕು.

ಮುಂದಿನ ರಜೆಗೆ ಬಂದ ಸುಮಿತ್ರಾ ಹಲಗೆ ನೋಡಿ ಮೆಚ್ಚಿಕೊಂಡಳು. ಆಮೇಲೆ ನಮ್ಮ ಕಪಾಟಿನಿಂದಲೇ ಒಂದೇ ಔಷಧದ ಮೂರು ಕಂಪನಿಗಳ ಪಟ್ಟಿ ತೆಗೆಸಿ ಸಾಲಾಗಿ ಇಡಿಸಿದಳು. ಮೂರಕ್ಕೂ ಬೆಲೆ ಬೇರೆ.

‘ಇದ್ರಾಗ ಯಾವ್ದು ಕೊಡ್ತೀರಿ ಕಾಕಾ?’

‘ಡಾಕ್ಟರ್ ಬರದದ್ದು.’

‘ಬರೀದಿದ್ರ?’

ನಾನು ಸಾಹುಕಾರರ ಕಡೆ ನೋಡಿದೆ. ಅವರು ಪೇಪರ್ ಓದುತ್ತಿದ್ದರು. ನಮಗೆ ಹೆಚ್ಚು ಉಳಿಯುವುದನ್ನು ಕೊಡುತ್ತಿದ್ದೆವು ಎನ್ನುವುದು ಅವಳಿಗೆ ಕೇಳದೆಯೇ ಗೊತ್ತಿತ್ತು. ಬೆಲೆಯ ವ್ಯತ್ಯಾಸ ನೋಡಲು ನಾನು ಸಮುದ್ರ ದಾಟಬೇಕಿರಲಿಲ್ಲ.

ಅಂದೇ ಅವಳು ಇನ್ನೊಂದು ಮಾತು ಹೇಳಿದಳು. ಬೆನ್ನುಮೂಳೆಯ ನೋವಿಗೆ ಕೊಡುವ ಒಂದು ಜೋರಾದ ಗುಳಿಗೆ ನಮ್ಮಲ್ಲಿ ಆಗ ಸಲೀಸಾಗಿ ಮಾರಾಟವಾಗುತ್ತಿತ್ತು. ಅದನ್ನು ಕೈಗೆತ್ತಿಕೊಂಡು, ‘ಇದನ್ನ ನಮ್ಮ ದವಾಖಾನ್ಯಾಗ ಕಪಾಟಿನಾಗಿಟ್ಟು ಬೀಗಾ ಹಾಕ್ತಾರ ಕಾಕಾ. ಕೀಲಿ ಹಿರೇ ನರ್ಸ್ ಕಡಿ ಇರ್ತದ’ ಎಂದಳು.

ಯಾಕೆ ಎಂದು ನಾನು ಕೇಳಲಿಲ್ಲ. ಎಲ್ಲದಕ್ಕೂ ಯಾಕೆ ಎನ್ನುತ್ತಿದ್ದವನು ಅದೊಂದಕ್ಕೆ ಕೇಳಲಿಲ್ಲ, ಏಕೆಂದರೆ ಕಾರಣ ನನಗೆ ಗೊತ್ತಿದೆ ಅಂದುಕೊಂಡೆ. ನಮ್ಮ ಅಂಗಡಿಯಲ್ಲೂ ಬೀಗದ ಗಾಜಿನ ಕಪಾಟು ಇತ್ತು. ತುಟ್ಟಿ ಇಂಜೆಕ್ಷನ್ನು, ಮಕ್ಕಳ ಹಾಲಿನ ಪುಡಿಯ ಡಬ್ಬಿ ಅದರಲ್ಲಿ ಇರುತ್ತಿದ್ದವು. ಕೀಲಿ ಸಾಹುಕಾರರ ಉಡಿದಾರದಲ್ಲಿ. ನನ್ನ ಮಟ್ಟಿಗೆ ಬೀಗವೆಂದರೆ ಬೆಲೆ. ಅಲ್ಲಿ ಆ ಗುಳಿಗೆ ಬಂಗಾರದಷ್ಟು ತುಟ್ಟಿ ಇರಬೇಕು ಎಂದು ನಾನೇ ತೀರ್ಮಾನಿಸಿಕೊಂಡೆ.

ಅದೇ ವರ್ಷ ದೇವಾಪುರದ ಮಲ್ಲಪ್ಪ ರಜೆಗೆ ಬಂದ. ಕೊಲ್ಲಿಯಲ್ಲಿ ರಸ್ತೆ ಕೆಲಸದ ದೊಡ್ಡ ಯಂತ್ರ ನಡೆಸುತ್ತಿದ್ದ. ಇಡೀ ದಿನ ಸೀಟಿನಲ್ಲಿ ಕುಲುಕಿ ಬೆನ್ನು ಕೆಟ್ಟಿತ್ತು, ಜೊತೆಗೆ ಸಕ್ಕರೆ ಕಾಯಿಲೆಯೂ ಇತ್ತು. ಹಿಂದಿನ ರಜೆಯಲ್ಲಿ ಶಹಾಪುರದ ಒಂದು ಖಾಸಗಿ ದವಾಖಾನೆಯಲ್ಲಿ, ಕಲಬುರಗಿಯಿಂದ ಭಾನುವಾರ ಮಾತ್ರ ಬರುವ ಎಲುಬಿನ ಡಾಕ್ಟರಿಗೆ ತೋರಿಸಿ, ಆ ಬೆನ್ನಿನ ಗುಳಿಗೆ ಬರೆಸಿಕೊಂಡಿದ್ದ. ಆ ಡಾಕ್ಟರ ಬರವಣಿಗೆ ಇರುವೆ ಹರಿದ ಹಾಗೆ. ಬೇರೆ ಅಂಗಡಿಯವರು ಓದಲಾಗದೆ ನಮ್ಮಲ್ಲಿಗೆ ಕಳಿಸುತ್ತಿದ್ದರು. ನನಗೆ ಓದಲು ಬರುತ್ತಿತ್ತು. ಡಾಕ್ಟರ ಹೆಸರೂ ಬಾಯಲ್ಲಿತ್ತು.

‘ಹಣಮಂತಣ್ಣ, ಅಲ್ಲಿ ಔಷಧ ಕೊಂಡ್ರ ಮನಿಗೆ ಕಳಸೋದು ಕಡಿಮಿ ಬೀಳ್ತದ’ ಎಂದ ಮಲ್ಲಪ್ಪ. ‘ಈ ಸಲ ಸಕ್ರಿ ಗುಳಿಗಿ ಇಲ್ಲಿಂದೇ ಒಯ್ತೀನಿ.’

‘ಒಯ್ಯಪಾ, ವರ್ಷದ್ದು ಒಯ್ಯಿ. ಬೆನ್ನಿಂದೂ ಒಯ್ಯಿ. ಅದನ್ನ ಅಲ್ಲಿ ಕಪಾಟಿನಾಗಿಟ್ಟು ಬೀಗಾ ಹಾಕ್ತಾರಂತ. ಅಷ್ಟು ತುಟ್ಟಿ!’

‘ಹೌದಾ? ನಾ ಅಲ್ಲೇ ಇದ್ರೂ ನನಗ ಗೊತ್ತಿಲ್ಲ. ನೀ ಸುರಪುರದಾಗ ಕುಂತು ಹೇಳ್ತಿ ನೋಡು!’

ಆ ಹೊಗಳಿಕೆಗೆ ಉಬ್ಬಿಹೋದೆ. ಡಾಕ್ಟರ ಚೀಟಿ ಎಲ್ಲಿ ಎಂದು ಕೇಳಲಿಲ್ಲ. ಹಳೆಯ ಚೀಟಿ ಅವನಲ್ಲೂ ಉಳಿದಿರಲಿಲ್ಲ. ಸಕ್ಕರೆಯ ಗುಳಿಗೆಯ ಜೊತೆಗೆ ಬೆನ್ನಿನ ಗುಳಿಗೆಯನ್ನೂ ರಾಶಿ ಹಾಕಿದೆ.

‘ಶಾಂತವ್ವ ರೊಟ್ಟಿ, ಹಚ್ಚಿಕೊಳ್ಳಾಕ ಶೇಂಗಾ ಹಿಂಡಿ ಎಲ್ಲಾ ಕಟ್ಟ್ಯಾಳ. ತೂಕ ಹೆಚ್ಚಾದ್ರ ವಿಮಾನದವ್ರು ತೆಗಸ್ತಾರ’ ಎಂದ. ಶಾಂತವ್ವ ಅವನ ಹೆಂಡತಿ. ಅವಳ ರೊಟ್ಟಿಗೆ ಜಾಗವಾಗಲೆಂದು ನಾನು ಡಬ್ಬಿಗಳನ್ನೆಲ್ಲ ಹರಿದು ಎಸೆದೆ. ಪಟ್ಟಿಗಳ ತುದಿಯನ್ನೂ ಕತ್ತರಿಸಿದೆ. ಕೈ ಅದಕ್ಕೆ ಪಳಗಿತ್ತು. ಹೆಸರಿನ ತುಂಡುಗಳು ಕಸದ ಬುಟ್ಟಿಗೆ ಹೋದವು. ರಬ್ಬರ್ ಬ್ಯಾಂಡು ಹಾಕಿ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟೆ. ಬಿಲ್ಲು ಬರೆಯಲಿಲ್ಲ, ಕೇಳಿದವರಿಗೆ ಮಾತ್ರ ಬಿಲ್ಲು ಎನ್ನುವುದು ನಮ್ಮ ಅಂಗಡಿಯ ರೂಢಿ. ನನ್ನಿಂದ ಒಬ್ಬನ ವರ್ಷದ ಖರ್ಚು ಉಳಿಯಿತು ಎಂದು ಅಂದು ಮನೆಯಲ್ಲೂ ಹೇಳಿಕೊಂಡೆ.

ಕೆಲವು ದಿನ ಕಳೆದ ಮೇಲೆ ಶಾಂತವ್ವ ಅಂಗಡಿಗೆ ಬಂದಳು. ಗಿರಾಕಿಗಳು ಹೋಗುವವರೆಗೆ ಬಾಗಿಲ ಬದಿಗೆ ನಿಂತಿದ್ದಳು.

‘ಅಣ್ಣಾ, ಇವರನ್ನ ವಿಮಾನ ಇಳದಲ್ಲೇ ಹಿಡದಾರಂತ್ರಿ. ಗುಳಿಗಿ ಸಲುವಾಗಿ. ಬೆನ್ನಿಂದು ಒಯ್ಯಬಾರದಿತ್ತಂತ. ಡಾಕ್ಟರ್ ಚಿಟ್ಟಿ ಇದ್ರ ಬಿಡ್ತಾರಂತ.’

ನಾನು ಕೈಯಲ್ಲಿದ್ದ ಕತ್ತರಿಯನ್ನು ಕೌಂಟರಿನ ಮೇಲೆ ಇಟ್ಟೆ.

‘ಫೋನಿನ್ಯಾಗ ಒಂದೇ ಮಾತು ಹೇಳ್ಯಾರ. ಆ ಐತವಾರದ ಡಾಕ್ಟರ್ ಹೆಸರು ಹಣಮಂತಣ್ಣಗ ಗೊತ್ತದ, ಕೇಳಿ ಅವ್ರ ಕಡಿಂದ ಬರಸಿ ಕಳ್ಸು ಅಂತ. ಶಹಾಪುರಕ್ಕ ಹೋಗಿದ್ದೆ. ಐತವಾರ ಬರೋ ಡಾಕ್ಟರ್ ಮೂರು ಮಂದಿ ಬದಲಾಗ್ಯಾರ, ಯಾರಂತ ಹೇಳೂಣು ಅಂದ್ರು. ನೀವು ಹೆಸರೊಂದು ಹೇಳ್ರಿ, ಸಾಕು.’

ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಸಾಹುಕಾರರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದರು. ‘ತಂಗಿ, ದಿನಾ ನೂರು ಮಂದಿ ಬರ್ತಾರ. ಯಾರಿಗೆ ಏನು ಕೊಟ್ಟೀವಿ ಅಂತ ನೆನಪಿರ್ತದೇನು? ಬ್ಯಾರೆ ಕಡಿ ತಗೊಂಡಿದ್ದಾನು.’

ಅವಳು ಅವರ ಕಡೆ ನೋಡಲೇ ಇಲ್ಲ. ‘ನೀವು ಹೇಳ್ರಿ ಅಣ್ಣಾ.’

ಚೀಟಿ ಇಲ್ಲದೆ ಕೊಟ್ಟದ್ದು, ಬಿಲ್ಲಿಲ್ಲದ್ದು, ಯಾದಗಿರಿಯಲ್ಲಿ ಕೂತ ಲೈಸೆನ್ಸು, ನನ್ನ ಕೆಲಸ, ಎಲ್ಲವೂ ಆ ಒಂದು ಹೆಸರಿನ ಹಿಂದೆ ಸಾಲುಗಟ್ಟಿ ಬರುವಂತೆ ಕಂಡಿತು.

‘ನನಗೂ ನೆನಪಿಲ್ಲವ್ವ’ ಎಂದೆ.

ಶಾಂತವ್ವ ತಲೆ ಎತ್ತಿ ಹಲಗೆಯ ಮೇಲಿನ ಡಬ್ಬಿಗಳನ್ನು ನೋಡಿದಳು. ‘ಯಾವ ಡಬ್ಬಿ ಯಾವ ದೇಶದ್ದು, ಎಷ್ಟಕ್ಕ ಸಿಗ್ತದ, ಎಲ್ಲಾ ನೆನಪಿರ್ತದ ನಿಮಗ. ನಮ್ಮನಿಯವ್ರ ಡಾಕ್ಟರ್ ಹೆಸರು ಮರ್ತು ಹೋಗ್ತದ.’ ಅಷ್ಟು ಹೇಳಿ ಇಳಿದು ಹೋದಳು.

ಒಂದು ತಿಂಗಳು ನಾನು ಬಾಯಿ ಬಿಡಲಿಲ್ಲ. ಆ ತಿಂಗಳು ಕೌಂಟರಿನಲ್ಲಿ ಯಾರ ಮುಖವನ್ನೂ ಸರಿಯಾಗಿ ನೋಡಿದ ನೆನಪಿಲ್ಲ. ಕೊನೆಗೆ ಒಂದು ದಿನ ರಜೆ ಕೇಳಿ ಶಹಾಪುರಕ್ಕೆ ಹೋಗಿ ಸುಮಿತ್ರಾಳ ತಂದೆಯನ್ನು ಕಂಡೆ. ಅವಳಿಗೆ ಫೋನು ಹಚ್ಚಿಕೊಟ್ಟರು. ಕೇಳದೇ ಬಿಟ್ಟಿದ್ದ ಪ್ರಶ್ನೆಯನ್ನು ಆಗ ಕೇಳಿದೆ: ‘ಆ ಗುಳಿಗಿಗೆ ಬೀಗಾ ಯಾಕವ್ವ?’

‘ಅದು ಚಟಾ ಹಿಡಸ್ತದ ಕಾಕಾ. ಅದಕ್ಕ ಇಲ್ಲಿ ಡಾಕ್ಟರ್ ಚಿಟ್ಟಿ ಇಲ್ದ ಯಾರೂ ಹತ್ರ ಇಟ್ಟುಕೊಳ್ಳಂಗಿಲ್ಲ. ಭಾಳ ಬಿಗಿ ಕಾಯ್ದೆ. ಬೆಲಿಗೂ ಬೀಗಕ್ಕೂ ಸಂಬಂಧ ಇಲ್ಲ.’

ಅಲ್ಲಿಂದಲೇ ಕಲಬುರಗಿಯ ಬಸ್ಸು ಹತ್ತಿದೆ. ಹೆಸರು ಗೊತ್ತಿದ್ದುದರಿಂದ ಡಾಕ್ಟರನ್ನು ಹುಡುಕುವುದು ಕಷ್ಟವಾಗಲಿಲ್ಲ. ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದೆ. ಅವರು ತಮ್ಮ ಹಳೆಯ ದಾಖಲೆ ತೆಗೆದು ನೋಡಿ, ರೋಗಿಯ ಹೆಸರು, ಕಾಯಿಲೆ, ತಾವು ಬರೆದ ಔಷಧ ಎಲ್ಲವನ್ನೂ ತಮ್ಮ ಕಾಗದದ ಮೇಲೆ ಬರೆದು ಮುದ್ರೆ ಒತ್ತಿಕೊಟ್ಟರು. ಚಹಾ ಆರುವುದರೊಳಗೆ ಮುಗಿದ ಕೆಲಸ. ‘ಆದ ದಿನಾನೇ ಯಾಕ ಬರ್ಲಿಲ್ಲ?’ ಎಂದು ಕೇಳಿದರು. ನಾನು ಕಾಗದವನ್ನು ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡೆ.

ಕಾಗದವನ್ನು ದೇವಾಪುರಕ್ಕೆ ಒಯ್ದು ಕೊಟ್ಟೆ. ಶಾಂತವ್ವ ಎರಡೂ ಕೈಯಿಂದ ತೆಗೆದುಕೊಂಡಳು. ಕೂಡ್ರಿ ಎನ್ನಲಿಲ್ಲ. ಅವಳ ಮೈದುನ ಯಾದಗಿರಿಗೆ ಹೋಗಿ ಫ್ಯಾಕ್ಸ್ ಮಾಡಿದ. ಸಾಹುಕಾರರಿಗೂ ಸಂಜೆಯೇ ಹೇಳಿದೆ. ಅವರು ಗಲ್ಲಾಪೆಟ್ಟಿಗೆಗೆ ಬೀಗ ಹಾಕಿಕೊಂಡು ಮನೆಗೆ ನಡೆದರು. ನಾವು ಹೆದರಿದ್ದ ಯಾವ ಅಧಿಕಾರಿಯೂ ಅಂಗಡಿಗೆ ಬರಲಿಲ್ಲ. ಆದರೆ ಮಲ್ಲಪ್ಪ ಬಿಡುಗಡೆಯಾಗುವಷ್ಟರಲ್ಲಿ ಅವನ ಯಂತ್ರದ ಮೇಲೆ ಬೇರೊಬ್ಬ ಕೂತಿದ್ದ. ಅವನನ್ನು ಊರಿಗೆ ಕಳಿಸಿಬಿಟ್ಟರು, ಮತ್ತೆ ಅಲ್ಲಿಗೆ ಹೋಗಲಾಗಲಿಲ್ಲ. ಕಾಗದ ಮೊದಲೇ ತಲುಪಿದ್ದರೆ ನೌಕರಿ ಉಳಿಯುತ್ತಿತ್ತು ಎಂದು ಅವನ ಜೊತೆಗಾರರು ಹೇಳಿದರು. ತಪ್ಪಾಗಿ ಕಟ್ಟಿಕೊಟ್ಟದ್ದು ನನ್ನ ಅಜ್ಞಾನ. ಆ ತಿಂಗಳು ಮಾತ್ರ ಅಜ್ಞಾನವಲ್ಲ.

ಊರಿಗೆ ಬಂದ ಮೇಲೆ ಅವನು ಕಾಲುವೆಯ ಹೂಳು ತೆಗೆಯುವ ಯಂತ್ರಕ್ಕೆ ಕೂಲಿಯ ಮೇಲೆ ಹೋಗತೊಡಗಿದ. ಒಂದು ಮಧ್ಯಾಹ್ನ ಅಂಗಡಿಗೆ ಬಂದ. ತೆಳ್ಳಗಾಗಿದ್ದ. ಅಂಗಿಯ ಜೇಬಿನಿಂದ ಮಡಚಿದ ಒಂದು ಕಾಗದದ ಕವರು ತೆಗೆದು ಕೌಂಟರಿನ ಮೇಲೆ ಇಟ್ಟ.

‘ನಿನ್ನ ಡಬ್ಬಿ ಸಾಲಿನಾಗ ಇರ್ಲಿ ಅಂತ ಇಟ್ಟುಕೊಂಡಿದ್ದೆ. ಒಳಗಿದ್ದಾಗ ಅಲ್ಲಿಯ ಡಾಕ್ಟರ್ ಬೆನ್ನು ನೋಡಿ ಕೊಟ್ಟಿದ್ದ.’

ಕವರಿನ ಮೇಲೆ ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಅಚ್ಚಾಗಿತ್ತು: ಮಲ್ಲಪ್ಪನ ಹೆಸರು, ಔಷಧದ ಹೆಸರು, ಎಷ್ಟು ಹೊತ್ತಿಗೆ ಎಷ್ಟು, ಬರೆದ ಡಾಕ್ಟರ ಹೆಸರು. ಔಷಧ ಅದೇ, ಬೀಗದ ಕಪಾಟಿನದು. ನಾಚಿಕೆಗೇಡಿ ನಾಲಿಗೆ, ರೂಢಿಯಂತೆ ಕೇಳಿಬಿಟ್ಟಿತು: ‘ಎಷ್ಟು ಬಿತ್ತು?’

ಮಲ್ಲಪ್ಪ ನಕ್ಕ. ‘ಅಲ್ಲಿ ಪುಕ್ಕಟೆ ಕೊಟ್ರು. ಇಲ್ಲಿಂದ ಒಯ್ದದ್ದೇ ತುಟ್ಟಿ ಬಿತ್ತು.’

ನಾನು ಅವನ ಹೆಂಡತಿಗೆ ಸುಳ್ಳು ಹೇಳಿದ್ದನ್ನು ಹೇಳಲು ಬಾಯಿ ತೆರೆದೆ. ‘ಶಾಂತವ್ವ ಎಲ್ಲಾ ಹೇಳ್ಯಾಳ. ಬಿಡು’ ಎಂದು ತಡೆದ. ಅವನು ನಿಜವಾಗಿ ಬಿಟ್ಟನೋ ಇಲ್ಲವೋ ಎಂದು ಅವನ ಮುಖ ಹೇಳಲಿಲ್ಲ. ‘ಬೆನ್ನು ಭಾಳ ತ್ರಾಸ ಕೊಡಾಕತ್ತದ. ಆ ಗುಳಿಗಿ ಒಂದು ನಾಲ್ಕು ಕೊಡು.’

‘ಚಿಟ್ಟಿ ಅದ ಏನು?’

ಅವನು ನನ್ನನ್ನೇ ನೋಡಿದ. ‘ಈಗ ಕೇಳ್ತಿ’ ಎಂದ. ಮೆಟ್ಟಿಲಿಳಿದು ಹೋದ.

ಭಾನುವಾರ ಕಳೆದು ಸೋಮವಾರ ಚೀಟಿ ಹಿಡಿದುಕೊಂಡು ಬಂದ. ನಾನು ಹಲಗೆಯ ಮೇಲಿನ ಡಬ್ಬಿಗಳನ್ನು ಆಗಲೇ ಇಳಿಸಿದ್ದೆ. ಅವನು ತಂದುಕೊಟ್ಟ ಕವರು ಮಾತ್ರ ಅಲ್ಲಿತ್ತು. ಅದನ್ನೇ ನೋಡಿಕೊಂಡು ನಮ್ಮ ಖಾಕಿ ಕವರಿನ ಮೇಲೆ ಪೆನ್ನಿನಿಂದ ಅವನ ಹೆಸರು, ಔಷಧದ ಹೆಸರು, ಹೊತ್ತು, ಡಾಕ್ಟರ ಹೆಸರು ಎಲ್ಲ ಬರೆದೆ. ಗುಳಿಗೆ ಕತ್ತರಿಸುವಾಗ ಹೆಸರಿನ ತುದಿಯನ್ನು ಅವನ ಕಡೆಗೇ ಬಿಟ್ಟೆ. ಬಿಲ್ಲು ಬರೆದು ಕವರಿನೊಳಗೆ ಮಡಚಿಟ್ಟೆ. ಸಾಹುಕಾರರು ನೋಡುತ್ತಿದ್ದರು.

ಮಲ್ಲಪ್ಪ ಕವರನ್ನು ಹಿಂದೆ ಮುಂದೆ ತಿರುವಿ ನೋಡಿದ.

‘ಎಲ್ಲಾ ಬರದಿ ಹಣಮಂತಣ್ಣ,’ ಎಂದ, ‘ಬೆಲಿ ಒಂದು ಬರೀಲಿಲ್ಲ.’